‘ಸಂಜದ’ ಪದದ ಪಾಠವಿಚಾರ

ಬೈಬಲ್ಲಿನ ಪ್ರಾಚೀನ ಹಸ್ತಪ್ರತಿಗಳ ಪಾಠಾಂತರಗಳನ್ನು ಕುರಿತು ಯೂರೋಪಿನ ವಿದ್ವಾಂಸರು ನಡೆಸಿದ ಶೋಧನೆಯನ್ನು ನಮ್ಮ ತರಗತಿಗಳಲ್ಲಿ ಪರದೇಶದ ಸಂಗತಿಯೆಂಬಂತೆ ಹೇಳಿ ಮುಗಿಸುತ್ತೇವೆ. ಅದಕ್ಕೆ ಸರಿಸಾಟಿಯಾದ ಪ್ರಸಂಗವೊಂದು ನಮ್ಮ ಕರಾವಳಿಯ ಓಲೆಗರಿಗಳಿಗೇ ಸಂಬಂಧಿಸಿದೆ.

ಬೈಬಲ್ಲಿನ ಪ್ರಸಂಗ ಪ್ರಸಿದ್ಧವಾದುದು. ಯೋಹಾನನ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಈ ಮೂವರೂ ಒಂದೆಂದು ಸಾರುವ ಮಾತು, ನಾಲ್ಕನೆಯ ಶತಮಾನದ ವ್ಯಾಟಿಕನ್ ಮತ್ತು ಸೈನಾಯ್ ಪ್ರತಿಗಳಲ್ಲಿ ಇಲ್ಲ. ಅದು ಲ್ಯಾಟಿನ್ ಪರಂಪರೆಯಲ್ಲಿ ಬೆಳೆದುಬಂದುದು. ಎರಾಸ್ಮಸನು 1516 ಮತ್ತು 1519ರ ಮುದ್ರಣಗಳಲ್ಲಿ ಅದನ್ನು ಬಿಟ್ಟನು. ಆಕ್ಷೇಪಣೆಗಳೆದ್ದ ಮೇಲೆ 1522ರಲ್ಲಿ ಸೇರಿಸಿದನು. 1611ರ ಇಂಗ್ಲಿಷ್ ಅನುವಾದದಲ್ಲಿದ್ದ ಆ ಮಾತು 1881ರ ಪರಿಷ್ಕರಣದಲ್ಲಿ ಹೊರಬಿದ್ದಿತು.

ಅಲ್ಲಿ ಸೇರಿದ್ದು, ಇಲ್ಲಿ ಬಿದ್ದುಹೋದದ್ದು. ಷಟ್ಖಂಡಾಗಮವೂ ವೀರಸೇನನು ಅದಕ್ಕೆ ರಚಿಸಿದ ಧವಳಾ ಟೀಕೆಯೂ ದಿಗಂಬರರಿಗೆ ಪರಮಪ್ರಮಾಣ. ಇವುಗಳ ಪ್ರಾಚೀನ ಪ್ರತಿಗಳು ಉಳಿದುದು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಈಜಿಪ್ಟಿನ ಒಣಮರಳು ಪಪೈರಸನ್ನು ಕಾಪಾಡಿದುದರಲ್ಲಿ ಆಶ್ಚರ್ಯವಿಲ್ಲ. ಶಿರೂರಿನಿಂದ ತೆಂಕಲಾಗಿ ಹಬ್ಬಿದ ಈ ಮಳೆಯ ಸೀಮೆಯಲ್ಲಿ ಓಲೆ ಸುಮಾರು ಎಂಟು ಶತಮಾನ ಬಾಳಿದುದು ಪೂಜೆಯ ಬಲದಿಂದ. ಅದನ್ನು ಯಾರಿಗೂ ಓದಗೊಡದುದೂ ಅದೇ ಪೂಜೆ!

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲಿನ ಕಾರ್ಯ ಆರಂಭವಾಯಿತು. ಗುಟ್ಟಾಗಿ ಸಹಾರನಪುರಕ್ಕೆ ಹೋದ ಒಂದು ನಕಲಿನಿಂದ ಅಮರಾವತಿ, ಕಾರಂಜಾ, ಆರಾ ಮೊದಲಾದೆಡೆಗಳ ಪ್ರತಿಗಳು ಹುಟ್ಟಿದುವು. ಆದುದರಿಂದ ಇವೆಲ್ಲ ಒಂದು ಪಾಠದಲ್ಲಿ ಒಮ್ಮತವಾಗಿದ್ದರೂ ಸಾಕ್ಷಿ ಒಂದೇ.

1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಅದರ 93ನೆಯ ಸೂತ್ರ ಮನುಷ್ಯಸ್ತ್ರೀಯರಿಗೆ ಸಲ್ಲುವ ಕೆಲವು ಗುಣಸ್ಥಾನಗಳನ್ನು, ಎಂದರೆ ಆತ್ಮೋನ್ನತಿಯ ಮೆಟ್ಟಿಲುಗಳನ್ನು, ಎಣಿಸುತ್ತದೆ. ಪ್ರತಿಗಳಲ್ಲಿ ಎಣಿಕೆ ‘ಸಂಜದಾಸಂಜದ’ ಎಂಬ ಅರ್ಧವ್ರತದ ಮೆಟ್ಟಿಲಿಗೆ ನಿಂತಿತ್ತು. ಮುಂದೆ ‘ಸಂಜದ’, ಎಂದರೆ ಪೂರ್ಣಸಂಯಮ, ಎಂಬ ಪದ ಬಿಟ್ಟುಹೋದಂತೆ ತೋರುತ್ತದೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಗೆ ಪೂರ್ಣಸಂಯಮ ಉಂಟೆಂದು ಆಗಮವೇ ನುಡಿದರೆ ಸ್ತ್ರೀಮುಕ್ತಿಯನ್ನೊಪ್ಪದ ಸಿದ್ಧಾಂತದ ಗತಿಯೇನು? ದೊಡ್ಡ ವಿವಾದವೇ ಎದ್ದಿತು.

ಸಂಪಾದಕರ ಊಹೆಗೆ ಬಲವಾದ ಆಧಾರ ಟೀಕೆಯಲ್ಲಿಯೇ ಇದೆ. ಈ ಆರ್ಷವಚನದಿಂದ ದ್ರವ್ಯಸ್ತ್ರೀಯರಿಗೆ, ಎಂದರೆ ದೇಹದಿಂದ ಸ್ತ್ರೀಯರಾದವರಿಗೆ, ಮೋಕ್ಷ ಸಿದ್ಧಿಸುವುದಲ್ಲವೇ ಎಂಬ ಶಂಕೆಯನ್ನು ವೀರಸೇನನು ತಾನೇ ಎತ್ತುತ್ತಾನೆ. ಸೂತ್ರ ಅರ್ಧವ್ರತಕ್ಕೇ ನಿಂತಿದ್ದರೆ ಇಂಥ ಶಂಕೆಗೆ ಎಡೆಯೆಲ್ಲಿ? ಒಂದೇ ಪದ ಮೂರು ಸಲ ಒತ್ತೊತ್ತಾಗಿ ಬರುವಲ್ಲಿ ಲಿಪಿಕಾರನ ಕಣ್ಣು ಒಂದನ್ನು ಹಾರಿಸುವುದು ತೀರ ಸಹಜ. ಅವನಲ್ಲಿ ಮತೀಯ ದುರುದ್ದೇಶವನ್ನು ಆರೋಪಿಸಬೇಕಾಗಿಲ್ಲ. ಮುಂದೆ ಮೂಡುಬಿದಿರೆಯ ಓಲೆಗರಿಯನ್ನು ಒಪ್ಪಹಚ್ಚಿ ನೋಡಿದಾಗ ಪದ ಅಲ್ಲಿ ಇದ್ದೇ ಇದ್ದಿತು.

ಸಿದ್ಧಾಂತಕ್ಕೆ ಒಗ್ಗದೆಂದು ಪದವನ್ನು ಬೇಡವೆಂದವರೂ, ಸಿದ್ಧಾಂತಕ್ಕೆ ಒದಗುವುದೆಂದು ಯೋಹಾನನ ಪತ್ರಿಕೆಯ ಮಾತನ್ನು ಉಳಿಸಿಕೊಳ್ಳಲೆಣಿಸಿದವರೂ ನನ್ನ ದೃಷ್ಟಿಯಲ್ಲಿ ಒಂದೇ ದಾರಿಯವರು: ಅರ್ಥವನ್ನು ಮೊದಲು ಗೊತ್ತುಮಾಡಿ ಪಾಠವನ್ನು ಅದಕ್ಕೆ ಹೊಂದಿಸಿದವರು. ವೀರಸೇನನಾದರೋ ಪದವನ್ನು ಸೂತ್ರದಲ್ಲಿ ಇಟ್ಟುಕೊಂಡೇ, ವಸ್ತ್ರಧಾರಣೆಯ ಕಾರಣದಿಂದ ದ್ರವ್ಯಸ್ತ್ರೀಯರಿಗೆ ಪೂರ್ಣಸಂಯಮ ಕೂಡದೆಂದೂ, ಸೂತ್ರದ ಮಾತು ಭಾವದಿಂದ ಸ್ತ್ರೀಯಾದವರನ್ನು ಕುರಿತುದೆಂದೂ ವಾದಿಸಿದ್ದನು.