ಕಾಲು ತೆಗೆದರೂ ಇಳಿಯದ ರೇಸು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಬೈಕಿನ ಕಾರ್ಬೊರೇಟರ್ ಬಿಚ್ಚಿ ಜೋಡಿಸುವ ಕೈಗಳಿಗೆ ಬರವಿಲ್ಲ. 2020ರ ಬಿಎಸ್–6 ನಿಯಮದ ನಂತರ ಹೊಸ ಬೈಕುಗಳಲ್ಲಿ ಇಂಜೆಕ್ಷನ್ನೇ ಹೆಚ್ಚು. ಆದರೂ ಆಲೂಗಡ್ಡೆ ಹೊಲ, ತೆಂಗಿನ ತೋಟಗಳ ದಾರಿಯಲ್ಲಿ ಓಡುವ ಹಳೆಯ ಗಾಡಿಗಳು ಈ ವಿದ್ಯೆಯನ್ನು ಉಳಿಸಿಕೊಂಡಿವೆ. ಹಳೆಯ ಕಾರಿಗೆ ನಾಲ್ಕು ಬೈಕ್ ಕಾರ್ಬೊರೇಟರ್‌ಗಳ ಸಾಲು ಕೂರಿಸುವ ಹವ್ಯಾಸಿಗಳಾಗಲಿ, ಬೈಕ್ ಎಂಜಿನ್ನಿನ ಪುಟ್ಟ ರೇಸ್ ಕಾರು ಕಟ್ಟುವ ಎಂಜಿನಿಯರಿಂಗ್ ಹುಡುಗರಾಗಲಿ, ಆಸರೆಗೆ ಹುಡುಕುವುದು ಇಂಥ ಕೈಗಳನ್ನೇ. ಅವರು ತರುವ ದೂರುಗಳಲ್ಲಿ ಮುಖ್ಯವಾದದ್ದು, ಕಾಲು ತೆಗೆದರೂ ರೇಸ್ ಇಳಿಯುತ್ತಿಲ್ಲ ಎಂಬುದು. ಸಾಮಾನ್ಯವಾಗಿ ಸಿಗುವ ಪರಿಹಾರ ಇನ್ನೊಂದು ಗಟ್ಟಿ ಸ್ಪ್ರಿಂಗ್. ಈ ರೂಢಿ ತಪ್ಪು, ಅಪಾಯಕಾರಿ ಕೂಡ.

ದೋಷದ ಬೇರು ಕಾರ್ಬೊರೇಟರ್‌ನಲ್ಲಿಲ್ಲ, ಅದನ್ನು ಕಾರಿಗೆ ತಂದ ಕ್ರಮದಲ್ಲಿದೆ. ನಾಲ್ಕು ಸಿಲಿಂಡರಿನ ದೊಡ್ಡ ಬೈಕುಗಳಲ್ಲಿ ಸಾಮಾನ್ಯವಾಗಿ ಎರಡು ಕೇಬಲ್ ಇರುತ್ತವೆ: ಒಂದು ಕಾರ್ಬೊರೇಟರ್‌ನೊಳಗಿನ ಥ್ರಾಟಲ್ ಬಾಗಿಲನ್ನು, ಅಂದರೆ ಬಟರ್‌ಫ್ಲೈಯನ್ನು ತೆರೆಯಲು, ಇನ್ನೊಂದು ಮುಚ್ಚಲು. ಸ್ಪ್ರಿಂಗ್ ಸೋತರೂ ಸವಾರನ ಮಣಿಕಟ್ಟು ಅದನ್ನು ಹಿಂದಕ್ಕೆ ತಿರುಗಿಸಬಲ್ಲದು. ಕಾರಿನ ಪೆಡಲ್ಲಿಗೆ ಬರುವುದು ಒಂದೇ ಕೇಬಲ್. ಬಾವಿಯ ಹಗ್ಗದ ಹಾಗೆ ಅದು ಎಳೆಯಬಲ್ಲದು, ದಬ್ಬಲಾರದು. ಮುಚ್ಚುವ ಕೇಬಲ್ಲನ್ನು ಕೈಬಿಟ್ಟ ಗಳಿಗೆಯಲ್ಲೇ ಇಡೀ ಹೊಣೆ ಬೈಕಿನ ಸಣ್ಣ ಸ್ಪ್ರಿಂಗ್ ಮೇಲೆ ಬಿತ್ತು. ಅದರ ಜೊತೆಗೆ ಉದ್ದದ ಕೇಬಲ್ಲಿನ ಉಜ್ಜಾಟ, ಪೆಡಲ್ಲಿನ ಭಾರ ಬೇರೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಬೈಕ್ ಎಂಜಿನ್ನಿನ ಪೋರ್ಟುಗಳ ನಡುವಿನ ಅಂತರ ಬೇರೆ, ಕಾರಿನದು ಬೇರೆ. ಹಾಗಾಗಿ ಕಾರ್ಬೊರೇಟರ್ ಸಾಲನ್ನು ಬಿಡಿಸಿ, ದೂರ ಸರಿಸಿ, ಉದ್ದದ ಕಡ್ಡಿಗಳಿಂದ ಮತ್ತೆ ಕಟ್ಟುತ್ತಾರೆ. ಸ್ಪಿಂಡಲ್‌ಗಳು ಕೂದಲೆಳೆಯಷ್ಟು ಓರೆಯಾದರೂ ಸಾಲು ಬಿಗಿಯುತ್ತದೆ. ಬಟರ್‌ಫ್ಲೈಯ ಅಂಚುಗಳು ಓರೆಯಾಗಿ ಕಡೆದವು. ಬಿಚ್ಚಿದವರು ಅದನ್ನು ತಲೆಕೆಳಗಾಗಿ ಹಾಕಿದರೆ ರಂಧ್ರದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಗಟ್ಟಿ ಸ್ಪ್ರಿಂಗ್ ಹಾಕಿದರೆ ಓರೆ ಸರಿಹೋಗುವುದಿಲ್ಲ, ಓರೆಯನ್ನು ಜೋರಾಗಿ ಎಳೆದಂತಾಗುತ್ತದೆ. ಸ್ಪಿಂಡಲ್ ಒಂದು ಬದಿಗೆ ಒತ್ತಿ ಬುಷ್ ಸವೆಯುತ್ತದೆ, ಸವೆದ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಆ ಗಾಳಿಯಿಂದಲೇ ರೇಸ್ ಮತ್ತೆ ಇಳಿಯದೆ ನಿಲ್ಲುತ್ತದೆ. ನಿವಾರಿಸಬೇಕಾದ ದೋಷವನ್ನೇ ಸ್ಪ್ರಿಂಗ್ ಹೊಸದಾಗಿ ಹುಟ್ಟಿಸಿದಂತಾಯಿತು.

ಎರಡು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರಿಟ್ಟಿರುವುದು ನಮ್ಮ ಗ್ಯಾರೇಜುಗಳ ದೊಡ್ಡ ಕೊರತೆ. ಬಟರ್‌ಫ್ಲೈ ಮುಚ್ಚದೆ ಇರುವುದು ಒಂದು. ಬಟರ್‌ಫ್ಲೈ ಮುಚ್ಚಿದರೂ ಎಂಜಿನ್ ಇಳಿಯದಿರುವುದು ಇನ್ನೊಂದು. ಬೇರ್ಪಡಿಸುವುದು ಸುಲಭ: ಎಂಜಿನ್ ಆಫ್ ಮಾಡಿ, ಕೇಬಲ್ ಕಳಚಿ, ಬೆರಳಿನಿಂದ ತೆರೆದು ಬಿಡಬೇಕು. ಐಡಲ್ ಸ್ಕ್ರೂವಿಗೆ ‘ಟಕ್’ ಎಂದು ಬಡಿದರೆ ಕಾರ್ಬೊರೇಟರ್ ನಿರಪರಾಧಿ. ಕೇಬಲ್ ಸಿಕ್ಕಿಸಿದ ಮೇಲೆ ಆ ಸದ್ದು ಮಂಕಾದರೆ ಕೇಬಲ್ಲಿನ ತಿರುವು ನೋಡಬೇಕು. ಬಹಳ ಸಲ ಅದು ಸೈಲೆನ್ಸರ್ ಪಕ್ಕ ಹಾದು ಒಳಗಿನ ಲೈನರ್ ಕರಗಿರುತ್ತದೆ. ಎರಡೂ ಸರಿಯಿದ್ದು ರೇಸ್ ಮಾತ್ರ ತೂಗಾಡುತ್ತಿದ್ದರೆ ಸ್ಪ್ರಿಂಗ್ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ: ರಬ್ಬರ್ ಬೂಟುಗಳಲ್ಲಿ ಗಾಳಿ ಎಳೆಯುತ್ತಿದೆಯೋ, ಪೈಲಟ್ ಜೆಟ್ ಕಟ್ಟಿದೆಯೋ, ನಾಲ್ಕೂ ಕಾರ್ಬೊರೇಟರ್‌ಗಳು ಸಮ ಉಸಿರಾಡುತ್ತಿಲ್ಲವೋ, ಐಡಲ್ ಸ್ಕ್ರೂವನ್ನೇ ಅತಿಯಾಗಿ ಒತ್ತಿದ್ದಾರೋ ಎಂದು ಹುಡುಕಬೇಕು. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಹಳೆಯ ರಬ್ಬರ್ ಬೇಗ ಕೆಡುತ್ತದೆ ಎಂಬುದನ್ನೂ ಮರೆಯಬಾರದು. ವ್ಯಾಕ್ಯೂಮ್ ಸ್ಲೈಡಿಗೆ ತೂತು ಕೊರೆಯುವ ಚಾಳಿಯಂತೂ ಇಲ್ಲಿ ಸಲ್ಲದು. ಅದರಿಂದ ಬದಲಾಗುವುದು ಸ್ಲೈಡ್ ಮೇಲೇರುವ ವೇಗ, ಬಟರ್‌ಫ್ಲೈ ಮುಚ್ಚುವ ಬಗೆಯಲ್ಲ. ಕಾರಿನ ಫ್ಲೈವೀಲ್ ಬೈಕಿನದಕ್ಕಿಂತ ಬಹಳ ಭಾರ, ಆದ್ದರಿಂದ ಬೈಕಿನಷ್ಟು ಚುರುಕಾಗಿ ರೇಸ್ ಬೀಳಬೇಕೆಂಬ ನಿರೀಕ್ಷೆಯೇ ಸರಿಯಲ್ಲ.

ಇಷ್ಟೆಲ್ಲ ಹೇಳಿ ನಮ್ಮ ಮೆಕ್ಯಾನಿಕ್‌ಗಳನ್ನು ಕಡೆಗಣಿಸಿದರೆ ಅನ್ಯಾಯವಾದೀತು. ಅವರ ಬೆರಳಿಗೆ ಇರುವ ಸೂಕ್ಷ್ಮ ಯಾವ ಗೇಜಿಗೂ ಕಡಿಮೆಯಲ್ಲ. ಕಿವಿಯಿಂದಲೇ ಏರ್ ಲೀಕ್ ಗುರುತಿಸುವವರಿದ್ದಾರೆ. ಆ ವಿದ್ಯೆ ಬೆಳೆದದ್ದು ಬೈಕಿನ ಮೇಲೆ, ಬೈಕಿನ ತಪ್ಪು ಮುಚ್ಚುವ ಕೈ ಸವಾರನದೇ. ಕಾರಿನಲ್ಲಿ ಆ ಕೈ ಇಲ್ಲ. ಗೊರೂರು ದಾಟಿ ಅರಕಲಗೂಡಿನತ್ತ ಹೋಗುವಾಗ ತಿರುವಿನಲ್ಲಿ ಕಾಲು ತೆಗೆದರೂ ಎಂಜಿನ್ ದೂಡುತ್ತಲೇ ಇದ್ದರೆ, ಪವರ್ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಕೂಡ ಸಿಗುವುದಿಲ್ಲ. ತೆರೆದ ಥ್ರಾಟಲ್ಲಿನಲ್ಲಿ ಅದು ಕುಸಿಯುತ್ತದೆ. ಮೊದಲ ಒಂದೆರಡು ತುಳಿತದ ನಂತರ ಪೆಡಲ್ ಕಲ್ಲಾಗುತ್ತದೆ.

ಅದಕ್ಕೇ ಜಗತ್ತಿನ ನಿಯಮಗಳು ಈ ವಿಷಯದಲ್ಲಿ ಸಡಿಲ ಬಿಟ್ಟಿಲ್ಲ. 1973ರಿಂದ ಜಾರಿಯಲ್ಲಿರುವ ಅಮೆರಿಕದ 124ನೇ ಸುರಕ್ಷಾ ಮಾನದಂಡದ ಪ್ರಕಾರ ಥ್ರಾಟಲ್ಲನ್ನು ಹಿಂದಕ್ಕೆ ತರಲು ಕನಿಷ್ಠ ಎರಡು ಶಕ್ತಿಮೂಲ ಇರಬೇಕು. 4,536 ಕಿಲೋವರೆಗಿನ ವಾಹನದಲ್ಲಿ, ಕಡು ಚಳಿಯ ಹೊರತು, ಅದು 1 ಸೆಕೆಂಡಿನಲ್ಲಿ ಮುಚ್ಚಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆಯಾದ ಫಾರ್ಮುಲಾ ಎಸ್‌ಎಇಯ ನಿಯಮಪುಸ್ತಕ ಇನ್ನೂ ನಿಖರ: ಎರಡು ಸ್ಪ್ರಿಂಗ್‌ಗಳು ಥ್ರಾಟಲ್ ಬಳಿಯೇ ಇರಬೇಕು, ಒಂದನ್ನು ಕಳಚಿದರೂ ಇನ್ನೊಂದು ಪೂರ್ತಿ ಮುಚ್ಚಬೇಕು. 1960ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಹಾಸನದಂಥ ಊರಿನಲ್ಲಿ ಈ ಪುಸ್ತಕದ ತಿಳಿವಳಿಕೆ ಗ್ಯಾರೇಜಿನ ಬಾಗಿಲಿಗೂ ಬರಬೇಕು.

ನಮ್ಮಲ್ಲಿ ಸ್ಪ್ರಿಂಗನ್ನು ಪೆಡಲ್ಲಿಗೆ ಸಿಕ್ಕಿಸಿ ಕೈತೊಳೆದುಕೊಳ್ಳುತ್ತಾರೆ. ಕೇಬಲ್ ನಡುವೆ ಸಿಕ್ಕಿಕೊಂಡರೆ ಪೆಡಲ್ ಮೇಲೆ ಬರುತ್ತದೆ, ಬಟರ್‌ಫ್ಲೈ ತೆರೆದೇ ಇರುತ್ತದೆ. ಪೆಡಲ್ಲಿಗೊಂದು ಇರಲಿ, ಆದರೆ ಸಾಲಿನ ಸ್ಪಿಂಡಲ್ಲಿಗೇ ಎರಡು ಬೇಕು, ಬೇರೆ ಬೇರೆ ಕೊಕ್ಕೆಗಳಿಗೆ. ಒಂದೇ ತಗಡಿಗೆ ಎರಡನ್ನೂ ಕಟ್ಟಿದರೆ ಆ ತಗಡು ಮುರಿದ ದಿನ ಎರಡೂ ಹೋದವು. ಎರಡೂ ಮೆದುವಾಗಿರಲಿ, ಜಾರುವ ಸ್ಪಿಂಡಲ್ಲಿಗೆ ಬಲ ಬೇಡ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮಿತಿ ಇರುವುದರಿಂದ, ಕಂಪನಿಯ ಮೂಲ ವಿವರಣೆಗೆ ಹೊಂದದಂತೆ ಬದಲಿಸಿದ ಇಂಥ ಕಾರು ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ; ಅದರ ಜಾಗ ಮುಚ್ಚಿದ ಟ್ರ್ಯಾಕ್. ಅಲ್ಲಿಗೆ ಒಯ್ಯುವ ಮುಂಚೆಯೂ ಒಂದು ಸ್ಪ್ರಿಂಗ್ ಕಳಚಿ, ಎಂಜಿನ್ ಕಾದಿರುವಾಗ, ಪೆಡಲ್ ಪೂರ್ತಿ ತುಳಿದು ಬಿಟ್ಟು ನೋಡಬೇಕು. ಆಮೇಲೆ ಅದನ್ನು ಹಾಕಿ ಇನ್ನೊಂದನ್ನು ಕಳಚಬೇಕು. ಎರಡು ಸಲವೂ ‘ಟಕ್’ ಸದ್ದು ಬಂದರೆ ಮೆಕ್ಯಾನಿಕ್ ಕೈಗೆ ಪೂರ್ತಿ ಕೂಲಿ ಕೊಡಬಹುದು.