ಮಂಜು ದೇವಿ ಹಾಡಿದಳು, ಸರಿ. ಡಾಂಗಲ್ ಯಾರ ಹತ್ರ ಇತ್ತು?

‘ಪಂಚಾಯತ್’ ವೆಬ್ ಸರಣಿಯ ಬಗ್ಗೆ ಮಾತಾಡಿ ಅಂತ ನಿಮ್ಮಲ್ಲಿ ಕೆಲವರು ಕೇಳ್ತಾನೇ ಇದ್ದೀರಿ. ನಾನೇ ಮುಂದೂಡುತ್ತಾ ಬಂದೆ. ಆ ಸರಣಿ ನನಗೆ ತುಂಬಾ ಇಷ್ಟ, ಅದರ ಮೇಲೆ ಸ್ವಲ್ಪ ಸಿಟ್ಟೂ ಇದೆ. ಸಿಟ್ಟು ಯಾಕೆ ಅಂತ ಹೋದ ತಿಂಗಳವರೆಗೂ ನನಗೇ ಸ್ಪಷ್ಟ ಇರಲಿಲ್ಲ. ತಿಪಟೂರು ಕಡೆಯ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನ ಜೊತೆ ಫೋನಿನಲ್ಲಿ ಒಂದು ಗಂಟೆ ಮಾತಾಡಿದ ಮೇಲೆ ಗೊತ್ತಾಯ್ತು. (ನಾಲ್ಕನೇ ಸೀಸನ್ ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ. ಕೊನೆ ಏನಾಗುತ್ತೆ ಅಂತ ಹೇಳಿಬಿಡ್ತೀನಿ.)

ನೋಡದೇ ಇರುವವರಿಗೆ ಒಂದೆರಡು ಮಾತು. ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯಲ್ಲಿ ಫುಲೇರಾ ಅನ್ನೋ ಕಾಲ್ಪನಿಕ ಊರು. ಎಂಬಿಎ ಪ್ರವೇಶ ಪರೀಕ್ಷೆಗೆ ಓದುತ್ತಿರುವ ಅಭಿಷೇಕ್ ತ್ರಿಪಾಠಿ ಬೇರೆ ಕೆಲಸ ಸಿಗದೆ ಅಲ್ಲಿಗೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರ್ತಾನೆ. ಕಾಗದದ ಮೇಲೆ ಊರಿನ ಪ್ರಧಾನ ಮಂಜು ದೇವಿ. ಆದರೆ ಸಭೆ ನಡೆಸೋದು, ಸೋಲಾರ್ ದೀಪ ಯಾರ ಮನೆ ಮುಂದೆ ಬೀಳಬೇಕು ಅಂತ ತೀರ್ಮಾನಿಸೋದು, ಎಲ್ಲಾ ಗಂಡ ಬ್ರಿಜ್ ಭೂಷಣ್ ದುಬೆ. ಅವನನ್ನು ಊರೆಲ್ಲಾ ‘ಪ್ರಧಾನ್‌ಜೀ’ ಅಂತಲೇ ಕರೆಯುತ್ತೆ. ನಮ್ಮ ಕಡೆ ಇಂಥವರಿಗೆ ‘ಅಧ್ಯಕ್ಷರ ಯಜಮಾನ್ರು’ ಅಂತಾರೆ. ಹೆಸರು ಬೇರೆ, ಕುರ್ಚಿ ಅದೇ.

2020ರ ಮೊದಲ ಸೀಸನ್ನಿನ ಕೊನೆಯ ಕಂತು ನಿಮಗೆ ನೆನಪಿರಬಹುದು. ಗಣರಾಜ್ಯೋತ್ಸವದ ದಿನ ಮಂಜು ದೇವಿ ತಾನೇ ಬಾವುಟ ಹಾರಿಸಬೇಕು, ರಾಷ್ಟ್ರಗೀತೆ ಹಾಡಬೇಕು. ಆಕೆ ಕಲಿತಾಳೆ, ಹಾಡ್ತಾಳೆ. ನೀನಾ ಗುಪ್ತಾ ಆ ಅಳುಕನ್ನೂ ಅದರ ಹಿಂದಿನ ಹಟವನ್ನೂ ಎಷ್ಟು ಚೆನ್ನಾಗಿ ತೋರಿಸಿದ್ದಾರೆ ಅಂದ್ರೆ, ಇಲ್ಲಿ ರೆಡಿಂಗ್‌ನ ನನ್ನ ಒಂದು ಕೋಣೆಯ ಮನೆಯಲ್ಲಿ ಲಾಕ್‌ಡೌನ್ ಸಂಜೆ ಒಬ್ಬನೇ ಕೂತು ಕಣ್ಣು ಒರೆಸಿಕೊಂಡಿದ್ದೆ.

ನನ್ನ ತಕರಾರು ಅದೇ ದೃಶ್ಯದ ಬಗ್ಗೆ. ಅಲ್ಲಿ ನಾಯಕತ್ವ ಅಂದ್ರೆ ದನಿ. ನಾಚಿಕೆ ಬಿಟ್ಟು ನಾಲ್ಕು ಜನರ ಮುಂದೆ ನಿಂತು ಬಾಯಿ ತೆರೆದರೆ ಹೆಣ್ಣು ನಾಯಕಿಯಾದಳು! ಮರುದಿನ ಬೆಳಿಗ್ಗೆ ನಡಾವಳಿ ಪುಸ್ತಕ ಯಾರು ಓದಿದರು, ಬಿಲ್ಲಿಗೆ ಸಹಿ ಯಾರು ಹಾಕಿದರು ಅನ್ನೋದರ ಕಡೆ ಕ್ಯಾಮೆರಾ ಹೋಗೋದೇ ಇಲ್ಲ. ಸರಣಿ ಮನರಂಜನೆ, ಪಾಠ ಮಾಡೋದು ಅದರ ಕೆಲಸ ಅಲ್ಲ ಅಂತ ನೀವು ಹೇಳಬಹುದು. ಒಪ್ಪುತ್ತಿದ್ದೆ. ಆದರೆ 2025ರ ಮಾರ್ಚ್‌ನಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವೇ ಸರಣಿ ಮಾಡಿದ ಟಿವಿಎಫ್ ಜೊತೆ ಸೇರಿ, ನೀನಾ ಗುಪ್ತಾ ಅವರನ್ನೇ ಹಾಕಿಕೊಂಡು ‘ಅಸ್ಲಿ ಪ್ರಧಾನ್ ಕೌನ್?’ ಅನ್ನೋ ಚಿತ್ರ ಬಿಡುಗಡೆ ಮಾಡಿತು. ಪಂಚಾಯಿತಿ ಮಹಿಳೆಯರಿಗೆ ನಾಯಕತ್ವ ಕಲಿಸುವ ಅಭಿಯಾನವೂ ಆಗಲೇ ಶುರುವಾಯ್ತು. ಅಂದಮೇಲೆ ಮಂಜು ದೇವಿ ಈಗ ಪಾಠವೇ. ಪಾಠ ಸರಿ ಇದೆಯಾ ಅಂತ ಕೇಳಲೇಬೇಕು.

ದೊಡ್ಡಮ್ಮನ ಕಥೆ ಇಲ್ಲಿ ಬೇಕಾಗುತ್ತೆ. ಅವರು 2021ರಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದರು. ಉತ್ತರ ಪ್ರದೇಶದ ಹಾಗೆ ನಮ್ಮಲ್ಲಿ ಜನ ನೇರವಾಗಿ ಅಧ್ಯಕ್ಷರನ್ನು ಆರಿಸೋದಿಲ್ಲ. ಗೆದ್ದ ಸದಸ್ಯರು ತಮ್ಮೊಳಗೆ ಆರಿಸ್ತಾರೆ, ಆ ಸ್ಥಾನಕ್ಕೆ ಮೀಸಲಾತಿ ಸರದಿ ಇರುತ್ತೆ. ಅವರ ಸರದಿ ಬಂದಾಗ ‘ಮಹಿಳೆ’ ಬಂತು. ದೊಡ್ಡಪ್ಪ ಪಕ್ಕದ ಕುರ್ಚಿಗೆ ಬಂದರು.

ಧೈರ್ಯದ ಕೊರತೆ ಅವರಿಗೆ ಯಾವತ್ತೂ ಇರಲಿಲ್ಲ. ಹದಿನೈದು ವರ್ಷ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದವರು. ಸಾಲದ ಕಂತು ಕಟ್ಟದ ಮನೆ ಮುಂದೆ ಹೋಗಿ ಕೂತು, ಕಾಫಿ ಕುಡಿದು, ದುಡ್ಡು ಇಸ್ಕೊಂಡೇ ಎದ್ದು ಬರ್ತಿದ್ದರು. ಅಧ್ಯಕ್ಷೆ ಆದ ಮೇಲೆ ಎರಡು ದಿನದ ತರಬೇತಿಗೆ ಕರೆದರು. ಅಲ್ಲಿ ಏನು ಹೇಳಿಕೊಟ್ರು ಅಂತ ಕೇಳಿದೆ.

“ಒಂದು ಬ್ಯಾಗು ಕೊಟ್ರು ಕಣಪ್ಪ, ಚೆನ್ನಾಗಿತ್ತು. ಆಮೇಲೆ ಬಲೂನ್ ಊದಿಸಿ, ಒಡೀದಂಗೆ ಕಾಪಾಡ್ಕಳಿ ಅಂದ್ರು. ಅದು ನಾಯಕತ್ವವಂತೆ.”

“ದುಡ್ಡು ಪಾವತಿ ಮಾಡೋದು?”

“ಅದುಕ್ಕೆ ಡಾಂಗಲ್ ಅಂತ ಒಂದೈತಲ್ಲ, ನಿಮ್ಮ ದೊಡ್ಡಪ್ಪನ ಬೀರುನಾಗೆ ಇರದು.”

ವಿದೇಶದಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳ್ತೀನಿ. ಪಂಚಾಯಿತಿ ಖಾತೆಯಿಂದ ಹಣ ಹೊರಗೆ ಹೋಗಬೇಕಾದರೆ ಇಬ್ಬರ ಡಿಜಿಟಲ್ ಸಹಿ ಬೇಕು. ಒಂದು ಅಧ್ಯಕ್ಷರದ್ದು, ಇನ್ನೊಂದು ಸರ್ಕಾರ ನೇಮಿಸಿದ ಅಧಿಕಾರಿಯದ್ದು, ಅಂದ್ರೆ ಪಿಡಿಒ. ಈ ಸಹಿ ಇರೋದು ಪೆನ್ ಡ್ರೈವ್ ಥರದ ಒಂದು ಪುಟ್ಟ ಸಾಧನದಲ್ಲಿ. ಅದು ಯಾರ ಕೈಯಲ್ಲಿದೆಯೋ, ಪಾಸ್‌ವರ್ಡ್ ಯಾರಿಗೆ ಗೊತ್ತೋ, ಅಧ್ಯಕ್ಷರು ಅವರೇ. ಬಾವುಟದ ಹಗ್ಗ ಯಾರು ಎಳೆದರೂ ನಡೆಯುತ್ತೆ.

ಇದು ಭಾರತದ ಹಳ್ಳಿಗೆ ಮಾತ್ರ ಅಂಟಿದ್ದಲ್ಲ. ಇಲ್ಲಿ ಬ್ರಿಟನ್‌ನಲ್ಲಿರುವವರಿಗೆ 2021ರಲ್ಲಿ ಎಲ್ಲರ ಫೋನಿಗೂ ಬಂದ ಹ್ಯಾಂಡ್‌ಫರ್ತ್ ಪ್ಯಾರಿಷ್ ಕೌನ್ಸಿಲ್ ವಿಡಿಯೋ ನೆನಪಿರುತ್ತೆ. ಝೂಮ್ ಸಭೆಯಲ್ಲಿ ಕೌನ್ಸಿಲ್ ಅಧ್ಯಕ್ಷರೇ ‘ನಿಮಗೆ ಇಲ್ಲಿ ಅಧಿಕಾರ ಇಲ್ಲ’ ಅಂತ ಕೂಗಾಡ್ತಿದ್ದರೆ, ಜಾಕಿ ವೀವರ್ ಸಮಾಧಾನವಾಗಿ ಅವರನ್ನು ಸಭೆಯಿಂದಲೇ ಹೊರಗೆ ಹಾಕಿದರು. ಬಟನ್ ಅವರ ಹತ್ತಿರ ಇತ್ತು.

ನನ್ನ ವೃತ್ತಿ ಡೇಟಾ. ಆದ್ದರಿಂದ ಈ ವಿಷಯದಲ್ಲಿ ಒಂದು ಅಧ್ಯಯನವನ್ನು ಮುಖ್ಯವಾಗಿ ಹೇಳಬೇಕು. ಮಹಿಳಾ ಮೀಸಲಾತಿ ಯಾವ ಊರಿಗೆ ಬರುತ್ತೆ ಅನ್ನೋದು ಹಲವು ರಾಜ್ಯಗಳಲ್ಲಿ ಹೆಚ್ಚುಕಮ್ಮಿ ಚೀಟಿ ಎತ್ತಿದ ಹಾಗೆ. ನಮಗೆ ಅದು ಚಿನ್ನ. ಯಾಕಂದ್ರೆ ಮೀಸಲು ಊರನ್ನೂ ಮೀಸಲಲ್ಲದ ಊರನ್ನೂ ಪಕ್ಕಪಕ್ಕ ಇಟ್ಟು ನ್ಯಾಯವಾಗಿ ಹೋಲಿಸಬಹುದು. ಫರ್ಜಾನಾ ಅಫ್ರಿದಿ, ವೇಗಾರ್ಡ್ ಐವರ್ಸನ್, ಎಂ.ಆರ್. ಶರಣ್ ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತ್ರಿ ಯೋಜನೆಯನ್ನು ಹೀಗೆ ನೋಡಿದರು. 2017ರಲ್ಲಿ ಪ್ರಕಟವಾದ ಅವರ ಲೇಖನದ ಮೊದಲ ಅರ್ಧ ಓದಿದರೆ ಬೇಜಾರಾಗುತ್ತೆ. ಮಹಿಳೆಯರು ಮುಖ್ಯಸ್ಥರಾದ ಪಂಚಾಯಿತಿಗಳಲ್ಲಿ ಹಣದ ಸೋರಿಕೆ ಜಾಸ್ತಿ ಇತ್ತು. ಅನುಭವ ಇಲ್ಲದವರನ್ನು ಅಧಿಕಾರಿಗಳು ಸುಲಭವಾಗಿ ತಮ್ಮ ಹಿಡಿತಕ್ಕೆ ತೆಗೆದುಕೊಳ್ತಾರೆ. ಇಲ್ಲಿಗೇ ಓದು ನಿಲ್ಲಿಸಿ ‘ನೋಡಿ, ನಾವು ಹೇಳಲಿಲ್ವಾ’ ಅನ್ನುವವರು ಬಹಳ ಜನ. ಆದರೆ ಅದೇ ಲೇಖಕರು ಲೆಕ್ಕಪರಿಶೋಧನೆ ವರದಿಗಳನ್ನು ಕಾಲಕ್ರಮದಲ್ಲಿ ಜೋಡಿಸಿ ನೋಡಿದಾಗ, ಅನುಭವ ಹೆಚ್ಚಾದಂತೆ ಆ ಮಹಿಳೆಯರ ಆಡಳಿತ ಸುಧಾರಿಸುತ್ತಾ ಹೋಗಿತ್ತು. ಅಂದ್ರೆ ಅವರು ಕಲಿತಿದ್ದು ಕುರ್ಚಿಯಲ್ಲಿ ಕೂತು, ಬಿಲ್ಲು ನೋಡಿ, ಒಂದೆರಡು ಸಲ ಮೋಸ ಹೋಗಿ.

ಜನ ಅದನ್ನು ಗುರುತಿಸೋಕೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತೆ. ಪಶ್ಚಿಮ ಬಂಗಾಳದಲ್ಲಿ ಲೋರಿ ಬೀಮನ್, ಎಸ್ತರ್ ಡುಫ್ಲೋ ಮತ್ತಿತರರು ಮಾಡಿದ 2009ರ ಅಧ್ಯಯನದಲ್ಲಿ, ಮೊದಲ ಸಲ ಬಂದ ಪ್ರಧಾನೆಗೆ ಜನ ಗಂಡಸರಿಗಿಂತ ಕಡಿಮೆ ಅಂಕ ಕೊಟ್ಟರು. ಎರಡನೇ ಸಲವೂ ಮಹಿಳೆಯೇ ಬಂದ ಊರಲ್ಲಿ ಆ ತಾತ್ಸಾರ ಹೋಗಿತ್ತು.

ಈಗ ನಮ್ಮ ರಾಜ್ಯಕ್ಕೆ ಬನ್ನಿ. ಈ ವಿಷಯದಲ್ಲಿ ನಾವು ದೇಶಕ್ಕಿಂತ ಮುಂದೆ ಇದ್ದೆವು. ನಜೀರ್ ಸಾಬ್ ಸಚಿವರಾಗಿದ್ದಾಗ ಬಂದ 1983ರ ಕಾನೂನು ಮಹಿಳೆಯರಿಗೆ 25 ಶೇಕಡಾ ಸ್ಥಾನ ಕೊಟ್ಟಿತ್ತು, 1987ರಲ್ಲಿ ಚುನಾವಣೆಯೂ ಆಯ್ತು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಇಂಥ ರಾಜ್ಯದಲ್ಲಿ ನನ್ನ ದೊಡ್ಡಮ್ಮನಿಗೆ ಸಿಕ್ಕಿದ ಅವಧಿ 30 ತಿಂಗಳು. ಸದಸ್ಯತ್ವ ಐದು ವರ್ಷ, ಅಧ್ಯಕ್ಷಗಿರಿ ಅದರ ಅರ್ಧ. ಹೆಚ್ಚು ವರ್ಗಗಳಿಗೆ ಅವಕಾಶ ಸಿಗಲಿ ಅನ್ನೋದು ಉದ್ದೇಶ, ಅದನ್ನು ನಾನು ತಳ್ಳಿಹಾಕಲ್ಲ. ಆದರೆ ಬೆಲೆ ಏನು ತೆತ್ತೆವು ಅಂತಲೂ ನೋಡಬೇಕಲ್ಲ. ನಾವು ಮಾಡೆಲ್ ತರಬೇತಿ ಮಾಡುವಾಗ ತಪ್ಪು ಇಳಿಯಲು ಶುರುವಾದ ಕ್ಷಣದಲ್ಲೇ ಕರೆಂಟ್ ತೆಗೆದ ಹಾಗೆ ಇದು.

ದೊಡ್ಡಮ್ಮನಿಗೆ ಮೊದಲ ವರ್ಷ ಕ್ರಿಯಾ ಯೋಜನೆ ಅಂದ್ರೆ ಏನು ಅಂತ ತಿಳಿಯೋದರಲ್ಲೇ ಹೋಯ್ತು. ಎರಡನೇ ವರ್ಷ ಒಂದು ದಿನ ಸಂಘದ ಪುಸ್ತಕ ಓದಿದ ಹಾಗೇ ಬಿಲ್ಲುಗಳ ಫೈಲ್ ಓದ್ತಾ ಕೂತರು. ಒಂದೇ ಬೋರ್‌ವೆಲ್ಲಿನ ಒಂದೇ ಮೋಟರಿಗೆ ಮೂರು ವಾರದಲ್ಲಿ ಎರಡು ಸಲ ರಿವೈಂಡಿಂಗ್ ಬಿಲ್. ಸಭೆಯಲ್ಲಿ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ, ದೊಡ್ಡಪ್ಪ ಸೇರಿ. ಅವತ್ತು ರಾತ್ರಿ ಬೀರುವಿನ ಬೀಗದ ಕೈ ಇಸ್ಕೊಂಡರು. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಅವರ ಅವಧಿ ಮುಗಿಯೋಕೆ ಆಗ ಉಳಿದದ್ದು ಏಳು ತಿಂಗಳು.

‘ಪಂಚಾಯತ್’ ಬರೆದವರಿಗೆ ಈ ರಾತ್ರಿ ಯಾಕೆ ಹೊಳೆಯಲಿಲ್ಲ? ಕಥೆಯನ್ನು ಅಭಿಷೇಕನ ಕಣ್ಣಿಂದ ನೋಡಿದ್ದರಿಂದ ಅಂತ ನನ್ನ ಅನುಮಾನ. ಅವನಿಗೆ ಫುಲೇರಾ ಎರಡು ಪರೀಕ್ಷೆಗಳ ನಡುವಿನ ನಿಲ್ದಾಣ. ಹೊರಗಿಂದ ಬಂದವನಿಗೆ ಬಾವುಟ ಕಾಣುತ್ತೆ, ಬೀರು ಕಾಣಲ್ಲ. ನಮಗೂ ಅಷ್ಟೇ ಅಲ್ವಾ? ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿ, ಅಧ್ಯಕ್ಷೆಯಾದ ದೊಡ್ಡಮ್ಮನ ಜೊತೆ ಫೋಟೋ ತೆಗೆದು ಹಾಕಿದವನು ನಾನು. ಡಾಂಗಲ್ ಬಗ್ಗೆ ಕೇಳಿದ್ದು ಅವರು ಕೆಳಗಿಳಿದು ಎರಡು ವರ್ಷದ ಮೇಲೆ.

ನಾಲ್ಕನೇ ಸೀಸನ್ ಚುನಾವಣೆಯದ್ದು. ಮಂಜು ದೇವಿ ಎದುರು ಕ್ರಾಂತಿ ದೇವಿ, ಅವಳ ಹಿಂದೆಯೂ ಗಂಡ. ಕೊನೆಗೆ ಮಂಜು ದೇವಿ ಸೋಲ್ತಾಳೆ. ಐದು ವರ್ಷ ಆಕೆ ಕಲಿತದ್ದೇನು, ಅದು ಈಗ ಎಲ್ಲಿ ಹೋಗುತ್ತೆ ಅನ್ನೋ ಪ್ರಶ್ನೆಗೆ ಸರಣಿಯಲ್ಲಿ ಜಾಗವೇ ಇಲ್ಲ. ಎಲ್ಲಾ ಗಮನ ಪ್ರಧಾನ್‌ಜೀ ಮುಖದ ಮೇಲಿನ ಸೋಲಿನ ಕಡೆಗೆ.

ಆ ಎರಡನೇ ಬಿಲ್ ಏನಾಯ್ತು ಅಂತ ದೊಡ್ಡಮ್ಮನನ್ನ ಕೇಳಿದೆ.

“ನಾನಿರಾಗಂಟ ತಡೆದಿದ್ದೆ. ಆಮೇಲಿಂದು ನಂಗೊತ್ತಿಲ್ಲ. ಆದ್ರೆ ಹೊಸದಾಗಿ ಬಂದಳಲ್ಲ, ಪಾಪ ಚಿಕ್ಕ ಹುಡುಗಿ, ಅವಳ ಮನೆಗೆ ಹೋಗಿ ಹೇಳ್ ಬಂದೆ. ಡಾಂಗಲ್ ನೀನೇ ಇಟ್ಕಳವ್ವ, ನಡಾವಳಿ ಪುಸ್ತಕದಾಗೆ ಮೋಟರ್ ವಿಚಾರ ಬರ್ಸಿದೀನಿ, ಹೋಗಿ ತೆಗೆದು ಓದು ಅಂತ.”

“ಏನಂದ್ರು?”

“ಅವಳೇನೂ ಅನ್ಲಿಲ್ಲ. ಅವರ ಯಜಮಾನ್ರು ‘ಆಯ್ತು ನಾನು ನೋಡ್ತೀನಿ’ ಅಂದ್ರು.”