ವೃದ್ಧರ ನೀತಿ: ಮಾತು ಮತ್ತು ಮೊತ್ತ

1999ರ ಜನವರಿಯಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ವೃದ್ಧರ ರಾಷ್ಟ್ರೀಯ ನೀತಿಯು ಮಹತ್ವದ ದಾಖಲೆ. ಅರವತ್ತು ದಾಟಿದವರಲ್ಲಿ ಮೂರರಲ್ಲೊಂದು ಪಾಲು ಜನ ಬಡತನದ ರೇಖೆಯ ಕೆಳಗಿರುವರೆಂದು ಅದು ಒಪ್ಪಿಕೊಂಡಿತು. ಅವರೆಲ್ಲರಿಗೂ ಪಿಂಚಣಿಯನ್ನು ಮುಟ್ಟಿಸುವುದೇ ಗುರಿ ಎಂದಿತು. ಬೆಲೆಯೇರಿಕೆಯಿಂದ ಪಿಂಚಣಿಯ ಬೆಲೆ ಕರಗದಂತೆ ಅದನ್ನು ಆಗಾಗ ಪರಿಷ್ಕರಿಸಬೇಕೆಂದೂ ಹೇಳಿತು. ಈ ಕೊನೆಯ ಮಾತಿನಿಂದಲೇ ನೀತಿಯ ಆಚರಣೆಯನ್ನು ಅಳೆಯುವುದು ನ್ಯಾಯ.

1995ರ ಆಗಸ್ಟ್ 15ರಂದು ಆರಂಭವಾದ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ರೂಪಾಯಿ ಆಯಿತು. ನಿರ್ಗತಿಕರಿಗಷ್ಟೇ ಮೀಸಲಾಗಿದ್ದ ಯೋಜನೆಯನ್ನು 2007ರಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಗಳ ವೃದ್ಧರಿಗೆಲ್ಲ ವಿಸ್ತರಿಸಲಾಯಿತು. 2011ರಲ್ಲಿ ವಯೋಮಿತಿಯು 65ರಿಂದ 60ಕ್ಕೆ ಇಳಿಯಿತು. ಎಂಬತ್ತು ತುಂಬಿದವರಿಗೆ 500 ರೂಪಾಯಿ ನಿಗದಿಯಾಯಿತು. ಇವು ಶ್ಲಾಘ್ಯವಾದ ಕ್ರಮಗಳೇ. ಆದರೆ ಎಂಬತ್ತು ತುಂಬದವರಿಗೆ ಕೇಂದ್ರವು ಕೊಡುವ ಪಾಲು 2024ರಲ್ಲಿಯೂ ಅದೇ 200 ರೂಪಾಯಿ. ಹದಿನೆಂಟು ವರ್ಷಗಳಲ್ಲಿ ಅಕ್ಕಿ, ಬೇಳೆ, ಔಷಧಗಳ ಬೆಲೆ ನಿಂತಲ್ಲಿ ನಿಲ್ಲಲಿಲ್ಲ. ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ, ನಿಜ. ಆದರೆ ಆ ಪಾಲು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹೀಗಾಗಿ ವೃದ್ಧರ ಹಸಿವು ಒಂದೇ ಆದರೂ ಆಸರೆ ಒಂದೇ ಆಗಲಿಲ್ಲ.

ಇನ್ನೊಂದು ಕೊರತೆ ಕಣ್ಣಿಗೆ ಬೀಳದಂಥದು. ಬಡತನವನ್ನು ನಮ್ಮಲ್ಲಿ ಮನೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಮನೆಯು ರೇಖೆಯ ಮೇಲಿದ್ದರೆ, ಒಳಕೋಣೆಯಲ್ಲಿ ಒಂದು ರೂಪಾಯಿಗೂ ಪರರ ಕೈ ನೋಡುವ ವಿಧವೆ ಅಜ್ಜಿಯೂ ಬಡವಳಲ್ಲ! ಅವಳ ಅಗತ್ಯವನ್ನು ಯಾವ ಪಟ್ಟಿಯೂ ಕೇಳುವುದಿಲ್ಲ.

ಆರೋಗ್ಯದ ವಿಷಯದಲ್ಲಿ 2010ರ ನಂತರ ವೃದ್ಧರ ಆರೈಕೆಗಾಗಿಯೇ ರಾಷ್ಟ್ರೀಯ ಕಾರ್ಯಕ್ರಮವು ಜಾರಿಗೆ ಬಂದಿತು. 2024ರ ಅಕ್ಟೋಬರ್‌ನಲ್ಲಿ, ಆದಾಯವೆಷ್ಟೇ ಇರಲಿ, ಎಪ್ಪತ್ತು ತುಂಬಿದ ಎಲ್ಲರನ್ನೂ ಆಯುಷ್ಮಾನ್ ಭಾರತ್ ಯೋಜನೆಗೆ ಸೇರಿಸಿ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಕಲ್ಪಿಸಲಾಯಿತು. ಇದು ದೊಡ್ಡ ಹೆಜ್ಜೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ ಒದಗುವ ನೆರವು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವುಗಳು ಹಾಸಿಗೆ ಹಿಡಿಸುವ ಮೊದಲೇ ದಿನದಿನವೂ ಮಾತ್ರೆಯನ್ನು ಬೇಡುತ್ತವೆ. ಆ ಖರ್ಚು ಈ ಯೋಜನೆಯ ಹೊರಗೇ ಉಳಿಯುತ್ತದೆ.

ವೃದ್ಧರ ಹೆಸರನ್ನು ನೀತಿಯಲ್ಲಿ ಬರೆಯುವುದು ಗೌರವ. ಅವರ ಖರ್ಚನ್ನು ಲೆಕ್ಕದಲ್ಲಿ ಬರೆಯುವುದು ಕರ್ತವ್ಯ. ಮೊದಲನೆಯದು ಆಗಿದೆ. 1999ರಲ್ಲಿ ಕೊಟ್ಟ ಮಾತು ಎರಡನೆಯದನ್ನು ಇನ್ನೂ ಕಾದಿದೆ.